ಹಗ್ಗ ಯಾರದ್ದು?

ಆಯುಧ ಪೂಜೆ ದಿನ ನಮ್ಮ ಚಾಮರಾಜಪೇಟೆಯಲ್ಲಿ ಒಂದು ಸುತ್ತು ಹಾಕಬೇಕು. ವರ್ಕ್‌ಶಾಪಿನ ಲೇತು, ಪ್ರೆಸ್ಸಿನ ಕಟಿಂಗ್ ಮಷೀನು, ಕಟ್ಟಡದ ಮುಂದೆ ನಿಂತ ಮಿಲ್ಲರ್ರು (ಕಾಂಕ್ರೀಟ್ ಕಲಸೋ ಯಂತ್ರಕ್ಕೆ ನಮ್ಮ ಮೇಸ್ತ್ರಿಗಳು ಹೇಳೋ ಹೆಸರು), ಎಲ್ಲಕ್ಕೂ ಸ್ನಾನ, ಕುಂಕುಮ, ಚೆಂಡುಹೂವು! ಆವತ್ತೊಂದು ದಿನ ಎಲ್ಲರಿಗೂ ಅದು "ನಮ್ ಮಷೀನು". ಮಿಕ್ಕ ದಿನ? ಅದೇ ಪ್ರಶ್ನೆ.

ಹೋದ ವರ್ಷ ನಮ್ಮ ಪಕ್ಕದ ಹೆಂಚಿನ ಮನೆ ಕೆಡವಿ ರಾಯರು ನಾಲ್ಕು ಅಂತಸ್ತು ಎಬ್ಬಿಸುತ್ತಿದ್ದರು. ಮೂರನೇ ಮೋಲ್ಡ್ ಹಾಕೋ ದಿನ ಬೆಳಿಗ್ಗೆ ಏಳಕ್ಕೇ ಮಿಲ್ಲರ್ ಬಂತು, ಜೊತೆಗೆ ಮೇಲಕ್ಕೆ ಕಾಂಕ್ರೀಟ್ ಸಾಗಿಸೋ ಲಿಫ್ಟು. ಜಲ್ಲಿ, ಮರಳು, ಇಪ್ಪತ್ತು ಜನ, ಎಲ್ಲ ಸಿದ್ಧ. ಆದರೆ ಲಿಫ್ಟ್ ನಡೆಸೋ ಹುಡುಗ, ಯಾದಗಿರಿ ಕಡೆಯವನು, ಇಂಜಿನ್ನೇ ಸ್ಟಾರ್ಟ್ ಮಾಡಲಿಲ್ಲ.

"ಹಗ್ಗ ಬದಲ್ ಮಾಡ್ರಿ ಅಂತ ಎರಡ್ ಸಲ ಹೇಳೀನ್ರಿ ಸಾಹೇಬ್ರ. ಎಳಿ ಹರಕೊಂಡಾವ. ಕೆಳಗ ಹೆಣ್ಮಕ್ಕಳು ಪುಟ್ಟಿ ಹೊರತಾರ."

ರಾಯರು ಮೇಸ್ತ್ರಿಯ ಮುಖ ನೋಡಿದರು. "ಮಷೀನು ಬಾಡಿಗೇದು ಸಾರ್, ಓನರ್ ನೋಡ್ಕೋಬೇಕು" ಅಂದ ಮೇಸ್ತ್ರಿ. ಓನರ್‌ಗೆ ಫೋನ್ ಹೋಯ್ತು. "ಸೈಟಲ್ಲಿ ತಿಂಗಳಾನುಗಟ್ಟಲೆ ಉಜ್ಜಿದ್ದು ನೀವು, ನೀವೇ ಹಾಕಿಸ್ಕೊಳ್ಳಿ" ಅಂತ ಉತ್ತರ. ರಾಯರದ್ದು ಇನ್ನೊಂದು: "ನಾನು ಲಂಪ್‌ಸಮ್ ಕೊಟ್ಟಾಗಿದೆಯಪ್ಪಾ." ಮೂವರ ಮಾತಲ್ಲೂ ಸುಳ್ಳಿಲ್ಲ ನೋಡಿ! ಹಗ್ಗ ಮಾತ್ರ ಅಲ್ಲೇ ನೇತಾಡ್ತಾ ಇತ್ತು.

ಕೊನೆಗೆ ಅರ್ಧ ರಾಯರು, ಅರ್ಧ ಮೇಸ್ತ್ರಿ ಹಾಕಿ ಹೊಸ ಹಗ್ಗ ತಂದರು. ಮೂರು ಗಂಟೆ ಹೋಯ್ತು. ಅಷ್ಟು ಹೊತ್ತೂ ಎಲ್ಲರೂ ಬೈದದ್ದು ಆ ಹುಡುಗನನ್ನೇ.

ತೆಗೆದ ಹಗ್ಗವನ್ನು ನಾನೂ ನೋಡಿದೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ ಬಂದಿದ್ದ 1998ರ ಕೇಂದ್ರ ನಿಯಮಗಳಲ್ಲಿ ಇದಕ್ಕೊಂದು ಲೆಕ್ಕ ಇತ್ತು: ಹಗ್ಗದ ದಪ್ಪದ ಎಂಟರಷ್ಟು ಉದ್ದದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ತಂತಿ ತುಂಡಾಗಿದ್ದರೆ ಅದನ್ನು ಬಳಸಬಾರದು. 10 ಮಿಲಿಮೀಟರ್ ಹಗ್ಗ ಅಂದ್ರೆ 80 ಮಿಲಿಮೀಟರ್, ಹೆಚ್ಚುಕಮ್ಮಿ ನಾಲ್ಕು ಬೆರಳ ಅಗಲ. ಆರು ಎಳೆ, ಎಳೆಗೆ 19 ತಂತಿಯಂತೆ 114 ತಂತಿ ಇದ್ದರೆ, 12 ತುಂಡಾದರೆ ಮುಗೀತು. ಎಣಿಸೋಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಇಂಜಿನ್ ಆಫ್ ಮಾಡಿ, ಹಳೇ ಬಟ್ಟೆ ಹಿಡಿದು ಸವರಿದರೆ ತುಂಡಾದ ಕಡೆ ನೂಲು ಸಿಕ್ಕಿಕೊಳ್ಳುತ್ತೆ. (ಬರಿಗೈಯಲ್ಲಿ ಮಾತ್ರ ಬೇಡ!)

ನಮ್ಮ ಊರಿಗೆ ಇದು ಹೊಸದೇನಲ್ಲ. 2023ರ ಜನವರಿ 10ರಂದು ನಾಗವಾರದ ಹತ್ತಿರ ಮೆಟ್ರೋ ಕಂಬಕ್ಕೆ ನಿಲ್ಲಿಸಿದ್ದ ಸರಳುಗಳ ಹಂದರ ರಸ್ತೆಗೆ ಬಿದ್ದು, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗು ಸತ್ತರು. ಆಮೇಲೆ ಇಂಜಿನಿಯರ್‌ಗಳ ಸಸ್ಪೆನ್ಷನ್ ಆಯ್ತು, ಗುತ್ತಿಗೆ ಕಂಪನಿ ಮೇಲೆ ಕೇಸೂ ಬಿತ್ತು. ಎಲ್ಲ "ಆಮೇಲೆ".

2025ರ ನವೆಂಬರ್ 21ರಿಂದ ಆ ಹಳೇ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ಕೆಲಸದ ಜಾಗವನ್ನು ಅಪಾಯವಿಲ್ಲದಂತೆ ಇಡೋದು ಮಾಲೀಕನ ಕರ್ತವ್ಯ. ಅಪಾಯ ಕಂಡರೆ ತಿಳಿಸೋದು ಕೆಲಸಗಾರನ ಕರ್ತವ್ಯ. ಪ್ರಾಣಕ್ಕೇ ಕುತ್ತು ಅನ್ನಿಸಿದರೆ ಮಾಲೀಕನ ಜೊತೆಗೆ ಇನ್ಸ್‌ಪೆಕ್ಟರಿಗೂ ಹೇಳುವ ಹಕ್ಕಿದೆ. ಚೆನ್ನಾಗಿದೆ. ಆದರೆ ಹತ್ತು ಜನಕ್ಕಿಂತ ಕಡಿಮೆ ಇರೋ ಕಟ್ಟಡದ ಕೆಲಸ ಅದರ ಲೆಕ್ಕಕ್ಕೇ ಬರೋಲ್ಲ. ನಮ್ಮ ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಸಣ್ಣ ಕೆಲಸಗಳು ಅಂಥವೇ ಅಲ್ವಾ?

ನನಗನ್ನಿಸೋದು ಇಷ್ಟೇ. "ಎಲ್ಲರ ಜವಾಬ್ದಾರಿ" ಅನ್ನೋದು ಬಲು ಸುಲಭದ ಮಾತು. ಹಗ್ಗ ನೋಡೋನು ಒಬ್ಬ, ದುಡ್ಡು ಕೊಡೋನು ಇನ್ನೊಬ್ಬ, ನಿಲ್ಲಿಸೋ ಅಧಿಕಾರ ಮಗದೊಬ್ಬನದ್ದು ಆದ್ರೆ ಅದು ಯಾರ ಜವಾಬ್ದಾರಿಯೂ ಆಗೋಲ್ಲ. ಲಿವರ್ ಹಿಡಿದವನು "ಬೇಡ" ಅಂದ್ರೆ ಕೆಲಸ ನಿಲ್ಲಬೇಕು, ಅವನ ಆ ದಿನದ ಕೂಲಿ ಮಾತ್ರ ನಿಲ್ಲಬಾರದು. ಇದನ್ನು ಕರಾರಿನಲ್ಲೇ ಬರೆಸಿಬಿಟ್ಟರೆ ಹೇಗೆ? ಹಗ್ಗ ಯಾರು ಬದಲಿಸಬೇಕು, ವಾರಕ್ಕೊಮ್ಮೆ ಯಾರು ನೋಡಬೇಕು, ಎರಡೇ ಸಾಲು.

ನಿಮ್ಮಲ್ಲಿ ಯಾರಾದರೂ ಮನೆ ಕಟ್ಟಿಸ್ತಾ ಇದ್ರೆ, ಮೋಲ್ಡ್ ದಿನ ಇಡ್ಲಿ-ವಡೆ ಆರ್ಡರ್ ಮಾಡೋ ಮುಂಚೆ ಲಿಫ್ಟ್ ಹುಡುಗನನ್ನು ಒಂದು ಮಾತು ಕೇಳಿ: "ಹಗ್ಗ ಹೆಂಗೈತಪ್ಪಾ?"

ಏನಂತೀರಿ? :)