ಜೆ.ಸಿ. ರಸ್ತೆಯಲ್ಲಿ ಗಾಜಿಗೆ ನೆರಳು

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದತ್ತ ಹೊರಟರೆ ಜೆ.ಸಿ. ರಸ್ತೆ. ರವೀಂದ್ರ ಕಲಾಕ್ಷೇತ್ರದಲ್ಲಿ ಬಣ್ಣ ಹಚ್ಚುವುದು ಸಂಜೆಗೆ. ಇಲ್ಲಿ ಕಾರುಗಳ ಸಿಂಗಾರ ದಿನವಿಡೀ.

‘ಎಷ್ಟೊತ್ತಾಗುತ್ತೆ?’ ಗಾಜಿಗೆ ಫಿಲ್ಮ್ ಹಾಕಿಸಲು ಬಂದವರ ಮೊದಲ ಪ್ರಶ್ನೆ ಇದು. ಅಂಟಿಸುವವನಿಗೋ ಧೂಳಿನ ಭಯ. ಬಸ್ಸೊಂದು ಹಾದುಹೋದರೆ ಸಾಕು, ಒಂದು ಕಣ ಒಳಸೇರಿ ಗುಳ್ಳೆಯಾಗಿ ಕೂರುತ್ತದೆ. ಕಿತ್ತು ಮತ್ತೆ ಅಂಟಿಸಿದರೆ ಫಿಲ್ಮೂ ದಂಡ, ಹೊತ್ತೂ ದಂಡ.

ಅದಕ್ಕೇ ಪಳಗಿದ ಕೈ ಗಾಜು ತೊಳೆಯುವಾಗ ಅವಸರಪಡುವುದಿಲ್ಲ. ಬ್ಲೇಡಿನಿಂದ ಕೆರೆದು, ರಬ್ಬರಿನ ಸಂದಿಯ ಮಣ್ಣು ತೆಗೆದು, ಸೋಪಿನ ನೀರು ಚಿಮುಕಿಸುತ್ತದೆ. ಹಿಂಬದಿಯ ಗಾಜಿನಲ್ಲಿ ಮಂಜು ಕರಗಿಸುವ ಗೆರೆಗಳಿದ್ದರೆ ಅಲ್ಲಿ ಬ್ಲೇಡ್ ಆಡಿಸುವಂತಿಲ್ಲ. ಬಾಗಿದ ಕಡೆ ಬಿಸಿಗಾಳಿಯಿಂದ ಫಿಲ್ಮನ್ನು ಕುಗ್ಗಿಸಬೇಕು. ಅಂಚು ಕತ್ತರಿಸುವಾಗ, ನೀರು ಹೊರದೂಡುವಾಗ ಮಾತ್ರ ಕೈ ಮಿಂಚು.

2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಿಲ್ಮನ್ನೇ ನಿಷೇಧಿಸಿದಾಗ ಅಂಟಿಸಿದ್ದನ್ನು ಕೀಳಿಸುವ ಕಾಲ ಬಂತು. 2021ರಲ್ಲಿ ನಿಯಮ ಬದಲಾಯಿತು. ಮಾನದಂಡಕ್ಕೆ ಒಪ್ಪುವ ಫಿಲ್ಮ್ ಸಲ್ಲುತ್ತದೆಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಹಿಂದು ಮುಂದಿನ ಗಾಜಿನಲ್ಲಿ ಶೇ 70, ಪಕ್ಕದವುಗಳಲ್ಲಿ ಶೇ 50ರಷ್ಟು ಬೆಳಕು ಹಾಯಲೇಬೇಕು.

ಕೆಲಸ ಮುಗಿದ ಮೇಲೂ ಎರಡು ಮೂರು ದಿನ ಗಾಜು ಇಳಿಸಬಾರದು. ಅರ್ಧ ಗಂಟೆ ಕಾಯಲಾರದ ಗಿರಾಕಿ ಅಷ್ಟು ದಿನ ಕಾದಾನೆಯೆ?