ದಾಯಾದಿಗಳ ಗಡಿಯಲ್ಲಿ ಶಾಂತಿಸ್ತಂಭ

‘ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು’ ಎಂಬುದು ನಮ್ಮ ಗಾದೆ. ಬೆಳೆದು, ಪಾಲಾಗಿ, ಮರಳಿ ಅಣ್ಣತಮ್ಮಂದಿರಾದವರನ್ನು ಕಾಣಬೇಕಾದರೆ ನಾರ್ವೆ ಮತ್ತು ಸ್ವೀಡನ್ ದೇಶಗಳ ಗಡಿಗೆ ಹೋಗಬೇಕು.

ಓಸ್ಲೋ ನಗರದಿಂದ ಪೂರ್ವಕ್ಕೆ ಹೊರಟ ದಾರಿಯು ಕಾಂಗ್ಸ್‌ವಿಂಗರ್ ಪಟ್ಟಣವನ್ನು ಹಾದು, ಕಾಡುಗಳ ನಡುವೆ ಸ್ವೀಡನ್ನಿನ ಎಲ್ಲೆಯನ್ನು ಮುಟ್ಟುತ್ತದೆ. ಗಡಿಯೆಂದೊಡನೆ ಮುಳ್ಳುತಂತಿ, ಬಂದೂಕು ಹಿಡಿದ ಕಾವಲುಗಾರ ನೆನಪಿಗೆ ಬರುವುದು ಸಹಜ. ಇಲ್ಲಿಯಾದರೋ ಗಡಿಗೆರೆಯ ಮೇಲೆಯೇ 18 ಮೀಟರ್ ಎತ್ತರದ ಶಾಂತಿಸ್ತಂಭವೊಂದು ನಿಂತಿದೆ. ಈ ಸ್ಥಳಕ್ಕೆ ‘ಮೊರೊಕುಲಿಯನ್’ ಎಂದು ಹೆಸರು. ವಿನೋದಕ್ಕೆ ನಾರ್ವೆಯವರು ‘ಮೊರೊ’ ಎನ್ನುತ್ತಾರೆ, ಸ್ವೀಡನ್ನಿನವರು ‘ಕುಲ್’ ಎನ್ನುತ್ತಾರೆ. ಎರಡನ್ನೂ ಬೆಸೆದ ಈ ಹೆಸರು ಹುಟ್ಟಿದ್ದು 1959ರ ಒಂದು ರೇಡಿಯೋ ಕಾರ್ಯಕ್ರಮದಲ್ಲಿ.

ಈ ವಿನೋದದ ಹಿಂದೆ ದೀರ್ಘ ಮನಸ್ತಾಪದ ಕಥೆಯಿದೆ. 1814ರಲ್ಲಿ ಕೀಲ್ ಒಪ್ಪಂದದಂತೆ ಡೆನ್ಮಾರ್ಕಿನ ದೊರೆ ನಾರ್ವೆಯನ್ನು ಸ್ವೀಡನ್ನಿನ ದೊರೆಗೆ ಬಿಟ್ಟುಕೊಟ್ಟನು. ತಮ್ಮನ್ನು ಕೇಳದೆ ತಮ್ಮ ನಾಡನ್ನು ಕೈಬದಲಿಸಿದುದನ್ನು ನಾರ್ವೆಯವರು ಒಪ್ಪದೆ, ಅದೇ ಮೇ ತಿಂಗಳಲ್ಲಿ ಐಡ್ಸ್‌ವೊಲ್‌ನಲ್ಲಿ ಸೇರಿ ಸಂವಿಧಾನವನ್ನು ರಚಿಸಿಕೊಂಡರು. ಅಲ್ಪಕಾಲದ ಯುದ್ಧವಾಯಿತು. ಸಂವಿಧಾನ ಉಳಿಯಿತು, ಆದರೆ ಸ್ವೀಡನ್ನಿನ ಅರಸನೇ ನಾರ್ವೆಗೂ ಅರಸನಾದನು. ಇಂದಿಗೂ ಮೇ 17ರಂದು ನಾರ್ವೆಯ ಮಕ್ಕಳು ಧ್ವಜ ಹಿಡಿದು ಬೀದಿಬೀದಿಗಳಲ್ಲಿ ಮೆರವಣಿಗೆ ಹೊರಡುವುದು ಆ ಸಂವಿಧಾನದ ನೆನಪಿಗಾಗಿ.

ಒಂದೇ ಕಿರೀಟದಡಿಯ ಈ ಎರಡು ಸಂಸಾರಗಳ ಬಾಳು 91 ವರ್ಷ ನಡೆಯಿತು. 1905ರ ಜೂನ್ 7ರಂದು ನಾರ್ವೆಯ ಸಂಸತ್ತು ಒಕ್ಕೂಟ ಮುಗಿಯಿತೆಂದು ಸಾರಿತು. ಆಗಸ್ಟಿನಲ್ಲಿ ನಡೆದ ಜನಮತಗಣನೆಯಲ್ಲಿ ಬೇರೆಯಾಗುವುದೇ ಸರಿ ಎಂದವರು 3,68,208 ಮಂದಿ. ಬೇಡವೆಂದವರು ಕೇವಲ 184! ಎರಡೂ ಕಡೆ ಸೈನ್ಯಗಳು ಸಜ್ಜಾದುವು. ಕೊನೆಗೆ ಕಾರ್ಲ್‌ಸ್ಟಾಡ್ ನಗರದಲ್ಲಿ ಸಂಧಾನವಾಯಿತು. ಗಡಿಯಲ್ಲಿ ಹೊಸದಾಗಿ ಕಟ್ಟಿದ್ದ ಕೋಟೆಗಳನ್ನು ಕೆಡಹಲು ನಾರ್ವೆ ಒಪ್ಪಿತು. ಬೇರ್ಪಡೆಯನ್ನು ಸ್ವೀಡನ್ ಮನ್ನಿಸಿತು. ಇಬ್ಬರೂ ಏನನ್ನೋ ಬಿಟ್ಟುಕೊಟ್ಟುದರಿಂದಲೇ ಯುದ್ಧ ತಪ್ಪಿತು.

ಆ ನೆಮ್ಮದಿಯ ಕುರುಹಾದ ಸ್ತಂಭವು ಅನಾವರಣಗೊಂಡುದು 1914ರ ಆಗಸ್ಟಿನಲ್ಲಿ. ಉಳಿದ ಯೂರೋಪು ಮಹಾಯುದ್ಧದ ಬೆಂಕಿಗೆ ಬಿದ್ದ ತಿಂಗಳಲ್ಲಿಯೇ! ಮುಂದೆ, 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯ ಮೇಲೆ ಎರಗಿತು. ತಟಸ್ಥವಾಗಿದ್ದ ಸ್ವೀಡನ್, 1943ರವರೆಗೆ ಜರ್ಮನ್ ಸೈನಿಕರನ್ನು ತನ್ನ ರೈಲುಮಾರ್ಗಗಳಲ್ಲಿ ಹಾದುಹೋಗಗೊಟ್ಟಿತು. ನೆರೆಯವರಿಗೆ ಅದು ನೋವಿನ ಸಂಗತಿ. ಆದರೆ ಕಾಡುಹಾದಿಯಲ್ಲಿ ಜೀವ ಹಿಡಿದು ಬಂದ ಸಾವಿರಾರು ನಾರ್ವೆಯವರಿಗೆ ಆಶ್ರಯವಿತ್ತುದೂ ಅದೇ ಸ್ವೀಡನ್.

ಸ್ತಂಭದ ಬುಡದಲ್ಲಿ ನಿಂತವನ ಒಂದು ಕಾಲು ನಾರ್ವೆಯಲ್ಲಿ, ಇನ್ನೊಂದು ಸ್ವೀಡನ್ನಿನಲ್ಲಿ. ಮನೆ ಎರಡಾಗಿದೆ, ನಿಜ. ನಡುವಣ ಬಾಗಿಲಿಗೆ ಮಾತ್ರ ಅಗುಳಿಯಿಲ್ಲ.