ಕಾಗದದಂಗಡಿಯ ಋಣ

ದೇವಋಣ, ಋಷಿಋಣ, ಪಿತೃಋಣ ಎಂದು ಮನುಷ್ಯನಿಗೆ ಹುಟ್ಟಿನಿಂದಲೇ ಮೂರು ಋಣಗಳಿರುವುವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಅಂಗಡಿಯ ಋಣವನ್ನು ಅವರು ಈ ಲೆಕ್ಕಕ್ಕೆ ಸೇರಿಸಲಿಲ್ಲ. ಅದು ಹಣ ಕೊಟ್ಟೊಡನೆ ತೀರತಕ್ಕುದೆಂದು ಅವರ ಅಭಿಪ್ರಾಯವಿದ್ದಿರಬೇಕು. ಹಣ ಕೊಟ್ಟ ಮೇಲೂ ತೀರದೆ ಉಳಿದಿರುವ ಒಂದು ಅಂಗಡಿಯ ಋಣದ ಸಂಗತಿಯನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಹೆಮ್ಮೆ ತರುವ ವಿಷಯವೇನೂ ಇದರಲ್ಲಿಲ್ಲ. ಮೂವತ್ತೈದು ವರ್ಷ ಮಕ್ಕಳ ಕಾಗುಣಿತವನ್ನು ತಿದ್ದಿದವನೊಬ್ಬನು ಅರುವತ್ತು ಕಳೆದ ಮೇಲೆ ತಾನೇ ತಿದ್ದಿಸಿಕೊಂಡ ಕಥೆಯಿದು.

ನಾನಿರುವುದು ಬೆಂಗಳೂರಿನ ದಕ್ಷಿಣಭಾಗದ ತಿಲಕ್ ನಗರದಲ್ಲಿ. 1948ರ ಆಗಸ್ಟ್ ತಿಂಗಳಿನಲ್ಲಿ ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅಸ್ತಿಭಾರವಿಟ್ಟ ಜಯನಗರಕ್ಕೆ ಇದು ನೆರೆಮನೆ. ಅಲ್ಲಿಯ ಬೀದಿಗಳ ಅಗಲವಾಗಲಿ ಮರಗಳ ನೆರಳಾಗಲಿ ನಮಗಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳು, ಮನೆಯ ಕೆಳಗೊಂದು ಅಂಗಡಿ, ಅಂಗಡಿಯ ಮುಂದೊಂದು ತಳ್ಳುಗಾಡಿ, ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಜನಸಂಚಾರ. ಆದರೂ ನಮ್ಮ ಬಡಾವಣೆ ಹೊತ್ತಿರುವ ಹೆಸರು ಸಾಮಾನ್ಯರದಲ್ಲ. ಲೋಕಮಾನ್ಯ ತಿಲಕರು 1881ರಿಂದ ಮಸಿ ಕಾಗದಗಳನ್ನೇ ಆಯುಧಮಾಡಿಕೊಂಡವರು. ಬರೆದ ಬರೆಹಕ್ಕಾಗಿಯೇ 1908ರಲ್ಲಿ ಸೆರೆಮನೆಯ ಶಿಕ್ಷೆಗೆ ಗುರಿಯಾದವರು. ಮಂಡಾಲೆಯ ಸೆರೆಯಲ್ಲಿ ಅವರು ‘ಗೀತಾರಹಸ್ಯ’ವನ್ನು ಬರೆದದ್ದು ಸೀಸದ ಕಡ್ಡಿಯಿಂದ. ಇಂತಹವರ ಹೆಸರಿನ ಬೀದಿಗಳಲ್ಲಿ ಕಾಗದವನ್ನೂ ಲೇಖನಿಯನ್ನೂ ಪ್ರೀತಿಯಿಂದ ಮಾರುವ ಅಂಗಡಿಯೊಂದು ಇರುವುದು ನ್ಯಾಯವೇ ಆಗಿದೆ.

ಆ ಅಂಗಡಿಯ ಪರಿಚಯವಾದದ್ದು ನನ್ನ ಅಜ್ಞಾನದಿಂದ. ಪಿಂಚಣಿಯ ಕಾಗದಪತ್ರಕ್ಕೆ ಭಾವಚಿತ್ರ ಬೇಕಾಗಿದ್ದಿತು. ಹಿಂದೆ ಯಾರದೋ ಕಾರು ನಿಲ್ಲುತ್ತಿದ್ದ ಷೆಡ್ಡೊಂದರ ಬಾಗಿಲ ಮೇಲೆ ‘ಸ್ಟುಡಿಯೋ’ ಎಂದು ಬರೆದಿದ್ದುದನ್ನು ಕಂಡು ಒಳಹೊಕ್ಕು, ಕುರ್ಚಿಯ ಮೇಲೆ ಕುಳಿತು, ಅಂಗವಸ್ತ್ರವನ್ನು ಸರಿಪಡಿಸಿಕೊಂಡು, ಮುಖವನ್ನು ಗಂಭೀರಮಾಡಿಕೊಂಡೆ. ದಬ್ಬಳ ಹಿಡಿದು ಪುಸ್ತಕ ಹೊಲಿಯುತ್ತಿದ್ದ ಹೆಣ್ಣುಮಗಳು ತಲೆಯೆತ್ತಿ ನೋಡಿ, “ಮೇಷ್ಟ್ರೇ, ಇಲ್ಲಿ ಫೋಟೋ ತೆಗೆಯೋದಿಲ್ಲ, ಕಾಗದದ ಕೆಲಸ ಮಾಡ್ತೀವಿ” ಎಂದಳು. ನಾನು ಮೇಷ್ಟರೆಂದು ಹೇಗೆ ತಿಳಿಯಿತೆಂದು ಕೇಳಿದೆ. “ಕೂತ ರೀತಿಯಿಂದ” ಎಂದು ನಕ್ಕಳು. ಅಂದಿನಿಂದ ಸಂಜೆಯ ತಿರುಗಾಟ ಮುಗಿಸಿ ಅಲ್ಲಿ ಅರ್ಧಗಂಟೆ ಕೂರುವುದು ನನಗೆ ಅಭ್ಯಾಸವಾಯಿತು.

ಆ ಅರ್ಧಗಂಟೆಯಲ್ಲಿ ನಾನು ಕಲಿತದ್ದು ಕಡಮೆಯಲ್ಲ. ಮರಕ್ಕಿರುವಂತೆ ಕಾಗದಕ್ಕೂ ಎಳೆಯ ದಿಕ್ಕುಂಟೆಂದೂ, ಎಳೆಯ ಜಾಡಿನಲ್ಲಿ ಮಡಿಸಿದರೆ ಮಡಿಕೆ ನೇರವಾಗಿ ಕೂರುತ್ತದೆಂದೂ, ಅಡ್ಡಲಾಗಿ ಮಡಿಸಿದರೆ ಒಡೆಯುತ್ತದೆಂದೂ ಅವಳಿಂದ ತಿಳಿದೆ. ರಟ್ಟಿಗೆ ಬಟ್ಟೆ ಅಂಟಿಸಲು ಮೈದಾಹಿಟ್ಟಿನ ಅಂಟನ್ನು ಕಾಯಿಸುವಾಗ ಹುಳು ಹಿಡಿಯದಿರಲೆಂದು ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾಳೆ. ಮೂಲೆಯಲ್ಲಿ ಬಾಗಿಲು ಮುಚ್ಚಿದ ಮುದ್ರಣಾಲಯವೊಂದರಿಂದ ಕೊಂಡು ತಂದ ಚಿಕ್ಕ ಕೈಯಚ್ಚಿನ ಯಂತ್ರವಿದೆ. ಅದರ ಪಕ್ಕದಲ್ಲಿ ಸೀಸದ ಮೊಳೆಗಳ ಪೆಟ್ಟಿಗೆಗಳು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಬೇಕಾಗುವ ಮನೆಗಳು ನಮ್ಮ ಗುಣಿತಾಕ್ಷರ ಒತ್ತಕ್ಷರಗಳಿಗೆ ಎಲ್ಲಿ ಸಾಲಬೇಕು! ಮಹಾಪ್ರಾಣದ ಮನೆಗಳನ್ನು ಅವಳು ಬೇರೆ ಬಣ್ಣದಿಂದ ಗುರುತುಮಾಡಿಟ್ಟಿರುವುದನ್ನು ಕಂಡು ನನಗೆ ಪರಮಾನಂದವಾಯಿತು. ಪಾಠಶಾಲೆಯಲ್ಲಿ ನನ್ನ ಬೆನ್ನು ಕಾದದ್ದು ಆ ಮನೆಗಳ ದೆಸೆಯಿಂದಲೇ.

ಬರೆಯುವ ಸಾಮಗ್ರಿಯ ಬೆಲೆಯನ್ನು ನನ್ನ ತಲೆಮಾರಿನವರಿಗೆ ಹೇಳಿಕೊಡಬೇಕಾದುದಿಲ್ಲ. ಶಾನುಭೋಗರಾಗಿದ್ದ ನನ್ನ ತಾತನ ಪೆಟ್ಟಿಗೆಯಲ್ಲೊಂದು ಕಡತವಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಕರಿಯ ಪುಸ್ತಕವದು. ಅದರಲ್ಲಿ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ, ಮತ್ತೆ ಮಸಿ ಬಳಿದು, ಮತ್ತೆ ಬರೆಯುತ್ತಿದ್ದರು. ನನ್ನ ಕಾಲಕ್ಕೆ ಸ್ಲೇಟು ಬಂದಿತ್ತು. ಅದರ ಮೇಲೂ ತಪ್ಪು ಎಂಜಲಿನಲ್ಲಿ ಅಳಿಸಿಹೋಗುತ್ತಿತ್ತು. ಮೊದಲ ಬಾರಿ ಕಾಗದದ ಪುಸ್ತಕವನ್ನು ಕೈಗೆ ಕೊಟ್ಟ ದಿನ ಗುರುಗಳು, “ಇನ್ನು ಮೇಲೆ ಬರೆದದ್ದು ಉಳಿಯುತ್ತೆ, ಜೋಕೆ” ಎಂದಿದ್ದರು. ಆ ಪುಸ್ತಕದ ಹಾಳೆ ಭದ್ರಾವತಿಯದೆಂದು ತಂದೆಯವರು ಅಭಿಮಾನದಿಂದ ಹೇಳಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1936ರಲ್ಲಿ ಸ್ಥಾಪಿತವಾದ ಆ ಕಾಗದದ ಕಾರ್ಖಾನೆಯ ಯಂತ್ರಗಳು ಈಚಿನ ವರ್ಷಗಳಲ್ಲಿ ನಿಂತುಹೋದ ಸುದ್ದಿಯನ್ನು ಓದಿದಾಗ, ಬಾಲ್ಯದ ನೆಂಟರೊಬ್ಬರು ಹೋದಂತೆ ನನಗೆ ವ್ಯಥೆಯಾಯಿತು. ಅದೇ ಮಹಾರಾಜರ ಕಾಲದಲ್ಲಿ 1937ರಲ್ಲಿ ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯಾದರೋ ಇನ್ನೂ ನಡೆಯುತ್ತಿದೆ. 1962ರ ಮಹಾಚುನಾವಣೆಯಿಂದ ಈಚೆಗೆ ಮತ ಕೊಟ್ಟವರ ಬೆರಳಿಗೆ ಹಚ್ಚುವ ಅಳಿಯದ ಶಾಯಿ ಅಲ್ಲಿಯದು. ಒರೆಸಿದರೆ ಹೋಗುವ ಬಳಪದಿಂದ ಒರೆಸಿದರೂ ಹೋಗದ ಶಾಯಿಯವರೆಗೆ ನಮ್ಮ ನಾಡು ಎಲ್ಲವನ್ನೂ ಮಾಡಿದೆ.

ಅವಳ ಅಂಗಡಿಯ ಗೋಡೆಯ ಮೇಲೆ ಕೈಯಿಂದ ಬರೆದ ಊರಿನ ನಕ್ಷೆಯೊಂದಿದೆ. ಅದರಲ್ಲಿ ಅರಮನೆ, ವಿಧಾನಸೌಧಗಳಿಗೆ ಸ್ಥಳವಿಲ್ಲ. ಇರುವುದೆಲ್ಲ ಚಿಕ್ಕ ಅಂಗಡಿಗಳು. ಅವೆನ್ಯೂ ರಸ್ತೆಯ ರೀಮು ದಸ್ತುಗಳ ವ್ಯಾಪಾರಿಗಳು, ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಯ ಸಾಲು, ಗಾಂಧಿಬಜಾರಿನ ಅಂಕಿತ ಪುಸ್ತಕ, ಅಲ್ಲಿಂದ ನಾಲ್ಕು ಹೆಜ್ಜೆಗೆ 1943ರಿಂದ ದೋಸೆ ಹೊಯ್ಯುತ್ತಿರುವ ವಿದ್ಯಾರ್ಥಿ ಭವನ, ಬ್ರಿಗೇಡ್ ರಸ್ತೆಯ ಹಿಂಬದಿಯ ಸೆಲೆಕ್ಟ್ ಪುಸ್ತಕದಂಗಡಿ. ಒಂದು ಚೌಕದೊಳಗೆ ಮಾತ್ರ ಹೆಸರು ಬರೆದು ಸುತ್ತಲೂ ಕಪ್ಪು ಗೆರೆ ಹಾಕಿದ್ದಾಳೆ. ಅದು 2009ರಲ್ಲಿ ಮುಚ್ಚಿದ ಪ್ರೀಮಿಯರ್ ಪುಸ್ತಕದಂಗಡಿ. ಅದರ ಯಜಮಾನರಾದ ಶಾನಭಾಗರು ಗೋಡೆಯೆತ್ತರಕ್ಕೆ ಪೇರಿಸಿದ್ದ ರಾಶಿಯ ಯಾವ ಮೂಲೆಯಲ್ಲಿ ಯಾವ ಗ್ರಂಥವಿದೆಯೆಂಬುದನ್ನು ಬಲ್ಲವರಾಗಿದ್ದರು. ಕೇಳದೆಯೇ ಬೆಲೆಯಲ್ಲಿ ಇಳಿಸುತ್ತಿದ್ದರು. ತನ್ನಲ್ಲಿಲ್ಲದ ವಸ್ತುವನ್ನು ಯಾರಾದರೂ ಕೇಳಿದರೆ ಈ ಹುಡುಗಿ ‘ಇಲ್ಲ’ ಎಂದು ಕಳುಹಿಸುವುದಿಲ್ಲ. ನಕ್ಷೆಯ ಬಳಿಗೆ ಕರೆದೊಯ್ದು ದಾರಿ ತೋರಿಸುತ್ತಾಳೆ. “ಬಂದ ಗಿರಾಕಿಯನ್ನು ಬೇರೆಯವರಿಗೆ ಕಳಿಸಿಕೊಡ್ತೀಯಲ್ಲಮ್ಮಾ” ಎಂದು ನಾನೊಮ್ಮೆ ಕೇಳಿದುದಕ್ಕೆ, “ಅವರೆಲ್ಲ ಇದ್ದರೇನೆ ಮೇಷ್ಟ್ರೇ ನಾನೂ ಇರೋದು” ಎಂದಳು. ನಾನು ತಲೆದೂಗಿದೆ. ಚಿಕ್ಕ ಅಂಗಡಿಗಳ ಮಹಿಮೆಯನ್ನು ಕುರಿತು ಅಂದು ಅವಳೆದುರಿಗೇ ಅರ್ಧಗಂಟೆ ಉಪನ್ಯಾಸವನ್ನೂ ಮಾಡಿದೆ.

ಹೀಗಿರುವಲ್ಲಿ ನನ್ನ ಕಿರಿಯ ಮಗಳಿಗೆ ವಿವಾಹ ನಿಶ್ಚಯವಾಯಿತು. ಲಗ್ನಪತ್ರಿಕೆಯ ಕೆಲಸ ಅವಳಿಗೇ ಎಂದು ನಾನಾಗಿಯೇ ಹೇಳಿದೆ. ಅವಳು ಎರಡು ಸಂಜೆ ಕುಳಿತು ಮಾದರಿಯೊಂದನ್ನು ಸಿದ್ಧಪಡಿಸಿದಳು. ಕೆನೆಬಣ್ಣದ ಕಾಗದ, ಕುಂಕುಮದ ಬಣ್ಣದ ಅಕ್ಷರ, ಅಂಚಿಗೆ ಮಾವಿನೆಲೆಯ ಒಂದೇ ಸಾಲು. ಪತ್ರಿಕೆಯೊಂದಕ್ಕೆ 36 ರೂಪಾಯಿ ಎಂದಳು. ನಾನು ಚೌಕಾಸಿಮಾಡಿದೆ. ಕಾಗದದ ಬೆಲೆ, ಮೊಳೆ ಜೋಡಿಸುವ ಹೊತ್ತು, ಈ ವರ್ಷ ಏರಿದ ಬಾಡಿಗೆ, ಎಲ್ಲವನ್ನೂ ಅವಳು ಒಂದು ಚೀಟಿಯಲ್ಲಿ ಬರೆದು ತೋರಿಸಿದಳು. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮನೆಯಲ್ಲಿ ತೋರಿಸಿ ಬರುವೆನೆಂದು ಮಾದರಿಯನ್ನು ತೆಗೆದುಕೊಂಡು ಹೊರಟೆ.

ಮುಂದಿನದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಆ ಮಾದರಿಯನ್ನು ನಾನು ಪೇಟೆಯ ಮುದ್ರಣಾಲಯವೊಂದಕ್ಕೆ ಒಯ್ದು ತೋರಿಸಿದೆ. ಅವರು 24 ರೂಪಾಯಿಗೆ ಒಪ್ಪಿದರು. 250 ಪತ್ರಿಕೆಗೆ 3000 ರೂಪಾಯಿ ಉಳಿತಾಯವೆಂದು ಮನಸ್ಸಿನಲ್ಲೇ ಗುಣಿಸಿಕೊಂಡೆ. ವಿವಾಹದ ವೆಚ್ಚದ ಮುಂದೆ ಅದೇನು ಮಹಾ ಮೊತ್ತವೆಂದು ವಾಚಕರು ಕೇಳಬಹುದು. ಪಿಂಚಣಿಯಲ್ಲಿ ಬದುಕುವವನಿಗೆ ದೊಡ್ಡ ವೆಚ್ಚಗಳ ಮೇಲೆ ಅಧಿಕಾರವಿರುವುದಿಲ್ಲ. ಅವನ ಪೌರುಷವೆಲ್ಲ ಚಿಕ್ಕ ವೆಚ್ಚಗಳ ಮೇಲೆ. ಛತ್ರದವರ ಮುಂದೆ ಬಾಯಿ ಬಿಡಲಾರದವನು ಆ ಹೆಣ್ಣುಮಗಳ ಮುಂದೆ ಗೆದ್ದೆನೆಂದುಕೊಂಡೆ. ಕರಡಚ್ಚನ್ನು ನೋಡಲು ಬರುವಿರಾ ಎಂದು ಅವರು ಕೇಳಿದಾಗ, ನಾನು ಬರೆದುಕೊಟ್ಟದ್ದರಲ್ಲಿ ತಪ್ಪಿರಲಾರದೆಂಬ ಅಹಂಕಾರದಿಂದ ಬೇಡವೆಂದೆ. ಮೂರನೆಯ ದಿನ ಕಟ್ಟು ಮನೆಗೆ ಬಂದಿತು. ಆ ವಾರವೆಲ್ಲ ಸಂಜೆಯ ತಿರುಗಾಟಕ್ಕೆ ಬೇರೆ ಬೀದಿ ಹಿಡಿದಿದ್ದೆನೆಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ಕಟ್ಟನ್ನು ಬಿಚ್ಚಿ ಓದಿದವಳು ನನ್ನ ಮಗಳೇ. ಓದಿ, ಏನೂ ಹೇಳದೆ ಪತ್ರಿಕೆಯನ್ನು ನನ್ನ ಕೈಗಿತ್ತಳು. ‘ವಧೂವರರನ್ನು’ ಎಂದಿರಬೇಕಾದಲ್ಲಿ ‘ವದೂವರರನ್ನು’ ಎಂದಿತ್ತು. ಮುಂದಿನ ಸಾಲಿನಲ್ಲಿ ‘ಆಶೀರ್ವದಿಸಬೇಕೆಂದು’ ಎಂದಿರಬೇಕಾದಲ್ಲಿ ‘ಆಶೀರ್ವಧಿಸಬೇಕೆಂದು’ ಎಂದಿತ್ತು. ವಧುವಿಗೆ ಸಲ್ಲಬೇಕಾದ ಹೊಟ್ಟೆಯ ಸೀಳು ಅವಳನ್ನು ಬಿಟ್ಟು ಒಂದು ಸಾಲು ಕೆಳಗಿಳಿದು ಆಶೀರ್ವಾದವನ್ನು ಸೇರಿ, ಹರಸಲು ಬರುವವರನ್ನು ವಧೆಗೆ ಕರೆಯುತ್ತಿದ್ದಿತು! ಈ ಒಂದು ಸೀಳಿಗಾಗಿ ನಾನು ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ಲೆಕ್ಕವಿಲ್ಲ. ನನ್ನ ಮನೆಯಾಕೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, “ಎಷ್ಟು ಉಳಿಸಿದಿರಿ?” ಎಂದಷ್ಟೇ ಕೇಳಿದಳು. ಮತ್ತೆ ಅಚ್ಚುಹಾಕಿಸಲು ದಿನಗಳೂ ಇರಲಿಲ್ಲ, ಹಣವೂ ಇರಲಿಲ್ಲ.

ಮರುದಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಆ ಷೆಡ್ಡಿನ ಮುಂದೆ ನಿಂತೆ. ಅವಳು ಪತ್ರಿಕೆಯನ್ನು ನೋಡಿದಳು. ತನ್ನ ಮಾವಿನೆಲೆಯ ಸಾಲನ್ನು ಗುರುತಿಸಿದಳೆಂಬುದು ಅವಳ ಮುಖದಿಂದ ತಿಳಿಯಿತು. ಒಂದು ಕ್ಷಣ ಅವಳ ಬೆರಳು ಆ ಎಲೆಗಳ ಮೇಲೆಯೇ ನಿಂತಿತ್ತು. ಆಮೇಲೆ ಕಾಗದದ ಮೂಲೆಯನ್ನು ಉಜ್ಜಿ ನೋಡಿ, “ಕೆರೆಯೋದಕ್ಕೆ ಬರುತ್ತೆ ಮೇಷ್ಟ್ರೇ. ಕೂತ್ಕೊಳ್ಳಿ” ಎಂದಳು.

ಮೂರು ಸಂಜೆ ಕುಳಿತೆವು. ಹೆಚ್ಚಾಗಿದ್ದ ಸೀಳನ್ನು ಅವಳು ಅರ್ಧ ಬ್ಲೇಡಿನ ತುದಿಯಿಂದ ಕಾಗದದ ಮೇಲ್ಪದರವಷ್ಟೇ ಏಳುವಂತೆ ಕೆರೆದು, ಎಮ್ಮೆಯ ಕೊಂಬಿನ ಪಟ್ಟಿಯಿಂದ ಉಜ್ಜಿ ನಯಮಾಡಿ ನನ್ನತ್ತ ಸರಿಸುವಳು. ಕಡಮೆಯಾಗಿದ್ದ ಸೀಳನ್ನು, ಅವಳೇ ಕಲಸಿದ ಕುಂಕುಮದ ಬಣ್ಣದ ಶಾಯಿಯಲ್ಲಿ ಸಣ್ಣ ನಿಬ್ಬನ್ನದ್ದಿ ನಾನು ಸೇರಿಸುವೆನು. ಮೊದಲ ಹತ್ತರಲ್ಲಿ ನನ್ನ ಕೈ ನಡುಗಿತು. ಐವತ್ತು ದಾಟಿದ ಮೇಲೆ ನಿಂತಿತು. ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬೆನ್ನು ಬಾಗಿ ಕಣ್ಣು ದಣಿದು ಬರೆದುದನ್ನು ಜೋಪಾನಮಾಡಿರೆಂದು ಏಕೆ ಬೇಡಿಕೊಳ್ಳುತ್ತಿದ್ದರೆಂಬುದು ಪಾಠಶಾಲೆಯಲ್ಲಿ ತಿಳಿಯದಿದ್ದುದು ಅಲ್ಲಿ ತಿಳಿಯಿತು. ನಾನು ಮಾಡಿದ ಕೆಲಸದ ವಿಷಯವಾಗಿ ಅವಳು ಒಂದು ಮಾತನ್ನೂ ಆಡಲಿಲ್ಲ. ನಡುನಡುವೆ ಗಿರಾಕಿಗಳು ಬಂದರೆ ಎದ್ದು ಹೋಗಿ ನಕ್ಷೆಯ ಬಳಿ ದಾರಿ ತೋರಿಸಿ ಬರುತ್ತಿದ್ದಳು.

ಕೊನೆಯ ಸಂಜೆ, “ಎಷ್ಟು ಕೊಡಲಮ್ಮಾ?” ಎಂದೆ. ಬೇಡವೆನ್ನುತ್ತಾಳೇನೋ ಎಂದು ಭಯವಿತ್ತು. ಬೇಡವೆಂದಿದ್ದರೆ ನಾನು ಕುಗ್ಗಿಹೋಗುತ್ತಿದ್ದೆ. ಅವಳು ಎಂದಿನಂತೆ ಚೀಟಿಯಲ್ಲಿ ಲೆಕ್ಕ ಬರೆದು, “ಮೂರು ಸಂಜೆಗೆ ಸಾವಿರದ ಐನೂರು” ಎಂದಳು. ಚೌಕಾಸಿಮಾಡದೆ ಕೊಟ್ಟೆ. ಮತ್ತೊಂದು ಸಾವಿರವನ್ನು ಮುಂದಿಟ್ಟು, “ಇದು ಆ ಮಾದರಿಗೆ” ಎಂದೆ. ಅವಳು ಅದನ್ನು ಹಿಂದಕ್ಕೆ ಸರಿಸಿದಳು. “ಅದಕ್ಕೆ ಬೆಲೆ ಇಲ್ಲ ಮೇಷ್ಟ್ರೇ. ಅದು ನಿಮ್ಮ ಮನೆ ಕೆಲಸ ಅಂತ ಮಾಡಿದ್ದು.”

ನಾನು ಮೊದಲಿನಲ್ಲಿ ಹೇಳಿದ, ತೀರದೆ ಉಳಿದಿರುವ ಋಣ ಇದೇ. ಮದುವೆ ಸಾಂಗವಾಗಿ ನಡೆಯಿತು. ಅವಳೂ ಬಂದು ಅಕ್ಷತೆ ಹಾಕಿದಳು. ಅವಳ ಷೆಡ್ಡಿನ ಬಾಡಿಗೆ ಮತ್ತೆ ಏರಲಿದೆಯಂತೆ. ಏರಿದರೆ ಇನ್ನೂ ಒಳಗಿನ ಬೀದಿಗೆ ಹೋಗಬೇಕಾದೀತೆಂದು ಮೊನ್ನೆ ಹೇಳಿದಳು. ನನ್ನ ಉಪನ್ಯಾಸದಿಂದ ಅವಳ ಬಾಡಿಗೆ ತೀರುವುದಿಲ್ಲವೆಂಬುದು ನನಗೆ ಈಗ ಚೆನ್ನಾಗಿ ತಿಳಿದಿದೆ. ತಿಂಗಳಿಗೊಂದು ಪುಸ್ತಕವನ್ನು ಅವಳಲ್ಲಿ ಹೇಳಿದ ಬೆಲೆಗೆ ಕೊಳ್ಳುತ್ತೇನೆ. ಈ ಲೇಖನವನ್ನು ಬರೆದಿರುವುದೂ ಅದರಲ್ಲಿಯೇ. ಅವಳ ಕರಡಚ್ಚುಗಳನ್ನು ಸಂಜೆ ಕುಳಿತು ತಿದ್ದಿಕೊಡುತ್ತೇನೆ.

ಉಳಿದ ಒಂದು ಲಗ್ನಪತ್ರಿಕೆ ನನ್ನ ಮೇಜಿನ ಮೇಲಿದೆ. ಸುಮ್ಮನೆ ನೋಡಿದವರಿಗೆ ಅದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ, ಆಶೀರ್ವಾದದ ಮಾತಿನಲ್ಲಿ ಒಂದು ಅಕ್ಷರದ ಕೆಳಗೆ ಕಾಗದ ಕೂದಲೆಳೆಯಷ್ಟು ತೆಳುವಾಗಿರುವುದು ಕಾಣುತ್ತದೆ.